ಪಾಪನಾಶದ ಕೆರೆ, ನೌಬಾದಿನ ಸುರಂಗ ಮತ್ತು ನಮ್ಮ ಬಡಾವಣೆ

ದೂರದ ಊರುಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ದೂರವಾಣಿಯಲ್ಲಿ ಮಾತಿಗೆ ಸಿಕ್ಕಾಗಲೆಲ್ಲ ಒಂದು ಪ್ರಶ್ನೆ ಕೇಳುತ್ತಾರೆ: “ಸರ್, ಬೀದರಿನಲ್ಲಿ ಪಾಪನಾಶ ಕೆರೆಯ ಹತ್ತಿರವೇ ಮನೆ ಕಟ್ಟಿಕೊಂಡಿದ್ದೀರಿ. ನಿಮಗೆ ನೀರಿನ ಚಿಂತೆ ಇರಲಿಕ್ಕಿಲ್ಲ, ಅಲ್ಲವೇ?” ಕೆರೆ ಹತ್ತಿರವಿದೆ, ನಿಜ. ಆದರೆ ಬೇಸಿಗೆ ಬಲಿತ ಮೇಲೆ ನಮ್ಮ ಓಣಿಗೂ ಟ್ಯಾಂಕರ್ ಬರುತ್ತದೆ, ನಾವೂ ಅದರ ಹಾರನ್ನಿಗೆ ಕಿವಿಗೊಟ್ಟು ಕುಳಿತಿರುತ್ತೇವೆ. ಕೆರೆಯ ಪಕ್ಕದಲ್ಲಿದ್ದೂ ನೀರಿಗೆ ಕಾಯುವ ಈ ವಿಚಿತ್ರವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಸುಮಾರು ಆರು ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಇತಿಹಾಸದ ಮೇಷ್ಟರಿಗೆ ಇದಕ್ಕಿಂತ ಒಳ್ಳೆಯ ನೆಪ ಬೇರೆ ಬೇಕೇ?

ಮೊದಲು ನಮ್ಮ ನೆಲದ ವಿಷಯ. ಬೀದರ್ ನಗರ ಕುಳಿತಿರುವುದು ಸಮುದ್ರಮಟ್ಟದಿಂದ 2,000 ಅಡಿಗೂ ಎತ್ತರದ ಒಂದು ಪ್ರಸ್ಥಭೂಮಿಯ ಅಂಚಿನಲ್ಲಿ. ಮೇಲಿನ ಪದರ ಕೆಂಪು ಜಂಬಿಟ್ಟಿಗೆ ಕಲ್ಲು. ಅದರಲ್ಲಿ ಎಲ್ಲೆಲ್ಲೂ ಸಣ್ಣ ರಂಧ್ರಗಳು. ಅದರ ಅಡಿಯಲ್ಲಿರುವುದು ದಖ್ಖನಿನ ಕರಿಕಲ್ಲು, ನೀರನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳದ ಕಲ್ಲು. ಮಳೆಯ ನೀರು ಕೆಂಪು ಕಲ್ಲಿನೊಳಗೆ ಇಳಿಯುತ್ತದೆ, ಕರಿಕಲ್ಲು ಸಿಕ್ಕಲ್ಲಿ ತಡೆದು ನಿಲ್ಲುತ್ತದೆ, ಮುಂದೆ ಅಡ್ಡಲಾಗಿ ಸರಿಯುತ್ತ ಗುಡ್ಡದ ಅಂಚಿನಲ್ಲಿ ಎಲ್ಲಿ ದಾರಿ ಸಿಗುವುದೋ ಅಲ್ಲಿ ಝರಿಯಾಗಿ ಹೊರಬೀಳುತ್ತದೆ. ತರಗತಿಯಲ್ಲಿ ನಾನು ಇದನ್ನು ಹೀಗೆ ಹೇಳುತ್ತಿದ್ದೆ: ಮೊಸರನ್ನು ಅರಿವೆಯಲ್ಲಿ ಕಟ್ಟಿ ಮಣೆಯ ಮೇಲೆ ಇಟ್ಟರೆ ನೀರು ನಡುವೆ ಕಾಣುವುದಿಲ್ಲ, ಮಣೆಯ ಅಂಚಿನಲ್ಲಿ ತೊಟ್ಟಿಕ್ಕುತ್ತದೆ. ಬೀದರ್ ಎಂದರೆ ಮಣೆಯ ಮೇಲಿಟ್ಟ ಆ ಗಂಟು.

ಈ ಅಂಚಿನ ಉದ್ದಕ್ಕೂ ಒಮ್ಮೆ ನಡೆದು ನೋಡಿರಿ. ಗುರುನಾನಕ್ ಝೀರಾದಲ್ಲಿ ಬಂಡೆಯ ಸಂದಿನಿಂದ ಸಿಹಿನೀರು ಬರುತ್ತದೆ. ಗುರುನಾನಕರು ದಕ್ಷಿಣಕ್ಕೆ ಬಂದಾಗ ನೀರಿಲ್ಲದೆ ಬಳಲುತ್ತಿದ್ದ ಜನಕ್ಕೆ ಇದನ್ನು ತೆರೆದುಕೊಟ್ಟರೆಂಬುದು ಭಕ್ತರ ನಂಬಿಕೆ. ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದೇ ದೇವರ ಬಳಿಗೆ ಹೋಗಬೇಕು. ಪಾಪನಾಶದಲ್ಲಿ ಶಿವನ ಗುಡಿ, ಗುಡಿಯ ಕೆಳಗೆ ಕೆರೆ, ಕೆರೆಗೆ ಊಟೆಯ ನೀರು. ಅಲ್ಲಿಯ ಲಿಂಗವನ್ನು ಲಂಕೆಯಿಂದ ಮರಳುವಾಗ ಶ್ರೀರಾಮ ಸ್ಥಾಪಿಸಿದನೆಂದು ಸ್ಥಳಪುರಾಣ ಹೇಳುತ್ತದೆ. ಗುರು, ನರಸಿಂಹ, ಶಿವ, ಮೂವರೂ ನಮ್ಮ ಊರಿನಲ್ಲಿ ನೆಲೆಸಲು ಆರಿಸಿಕೊಂಡಿದ್ದು ಕೆಂಪು ಕಲ್ಲು ಮುಗಿದು ನೀರು ಕಾಣಿಸುವ ಜಾಗವನ್ನೇ. ಭೂವಿಜ್ಞಾನ ಬಾರದ ನಮ್ಮ ಹಿರಿಯರಿಗೆ ಭೂಮಿ ಚೆನ್ನಾಗಿ ಗೊತ್ತಿತ್ತು.

ಬಹಮನಿ ಸುಲ್ತಾನ ಅಹ್ಮದ್ ಶಾಹ್ ವಲಿ ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದನು. ಏಕೆ ತಂದನು ಎಂಬುದಕ್ಕೆ ಪಠ್ಯಪುಸ್ತಕಗಳಲ್ಲಿ ಹಲವು ಉತ್ತರಗಳಿವೆ: ರಾಜ್ಯದ ನಡುಭಾಗ, ಹಿತವಾದ ಹವೆ, ಕೋಟೆಗೆ ಅನುಕೂಲವಾದ ಎತ್ತರ. ಪರೀಕ್ಷೆಗೆ ಇವು ಸಾಕು. ಆದರೆ ರಾಜಧಾನಿ ಎಂದ ಮೇಲೆ ಸೈನ್ಯ, ಕುದುರೆ, ಆನೆ, ಕುಶಲಕರ್ಮಿಗಳು, ತೋಟಗಳು ಎಲ್ಲವೂ ಬರುತ್ತವೆ. ಇಷ್ಟು ಜನ ಮತ್ತು ಪ್ರಾಣಿಗಳಿಗೆ ಗುಡ್ಡದ ಮೇಲೆ ನೀರು ಎಲ್ಲಿಂದ? ಮೇಲೆ ಬಿದ್ದ ಮಳೆ ಕೆಳಕ್ಕೆ ಇಳಿದು ಅಂಚಿನಲ್ಲಿ ಹೊರಬೀಳುತ್ತದೆಯಲ್ಲ! ಆ ಕಾಲದಲ್ಲಿ ಇರಾನಿನಿಂದ ದೊಡ್ಡ ಸಂಖ್ಯೆಯಲ್ಲಿ ಜನ ದಖ್ಖನಿಗೆ ಬರುತ್ತಿದ್ದರು. ಮುಂದೆ ಮದರಸವನ್ನು ಕಟ್ಟಿಸಿದ ಮಹಮೂದ್ ಗವಾನನೂ ಗಿಲಾನಿನಿಂದ ಬಂದವನೇ. ಬಂದವರೊಂದಿಗೆ ಅವರ ನಾಡಿನ ಒಂದು ವಿದ್ಯೆಯೂ ಬಂದಿತು. ಅದೇ ಕರೇಜ್. ನಮ್ಮ ಜನ ಅದನ್ನು ಸುರಂಗ ಬಾವಿ ಎಂದು ಕರೆಯುತ್ತಾರೆ.

ನೋಡದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ನೀರಿನ ಪದರ ಇರುವ ಎತ್ತರದ ಜಾಗದಲ್ಲಿ ಒಂದು ತಾಯಿಬಾವಿಯನ್ನು ತೋಡುತ್ತಾರೆ. ಅಲ್ಲಿಂದ ನೆಲದೊಳಗೆ, ಕಣ್ಣಿಗೆ ಗೊತ್ತಾಗದಷ್ಟು ಸಣ್ಣ ಇಳಿಜಾರಿನಲ್ಲಿ, ಒಂದು ಸುರಂಗವನ್ನು ಕೊರೆಯುತ್ತ ಹೋಗುತ್ತಾರೆ. ನಡುನಡುವೆ ಮೇಲಿನಿಂದ ಬಾವಿಯಂತಹ ಗವಾಕ್ಷಿಗಳನ್ನು ಇಳಿಸುತ್ತಾರೆ. ತೋಡುವಾಗ ಮಣ್ಣನ್ನು ಹೊರಹಾಕಲು, ಆಮೇಲೆ ಗಾಳಿ ಬೆಳಕಿಗೆ, ಹೂಳೆತ್ತಲು, ಜನ ನೀರು ಸೇದಿಕೊಳ್ಳಲು. ನೀರು ತನ್ನ ಭಾರದಿಂದಲೇ ಹರಿದು ಸುರಂಗದ ಬಾಯಿಗೆ ಬರುತ್ತದೆ. ಎತ್ತು ಬೇಡ, ಮೋಟ ಬೇಡ, ವಿದ್ಯುತ್ತಂತೂ ಆಗ ಇರಲಿಲ್ಲ. ಮುಖ್ಯವಾದ ಮಾತೆಂದರೆ, ನೆಲಕ್ಕೆ ಇಳಿದಷ್ಟು ನೀರು ಮಾತ್ರ ಹರಿಯುತ್ತದೆ. ಮಳೆ ಕಡಿಮೆಯಾದರೆ ಹರಿವೂ ಕಡಿಮೆ. ಕರೇಜಿನಿಂದ ಯಾರೂ ಮೊಮ್ಮಕ್ಕಳ ಪಾಲಿನ ನೀರನ್ನು ಇಂದೇ ಎಳೆದುಕೊಳ್ಳಲಾರರು. ಇರಾನಿನ ಇಂತಹ ಸುರಂಗಗಳನ್ನು 2016ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದೇಶದಲ್ಲಿ ಬುರ್ಹಾನ್‌ಪುರದಲ್ಲಿಯೂ ಇಂತಹದೊಂದು ಇದೆ. ಬೀದರಿನಲ್ಲಿ ಮೂರು ಕರೇಜುಗಳನ್ನು ವಿದ್ವಾಂಸರು ಗುರುತಿಸಿದ್ದಾರೆ: ನೌಬಾದ್, ಶುಕ್ಲತೀರ್ಥ ಮತ್ತು ಜಮುನಾ ಮೋರಿ. ನೌಬಾದಿನದು ದೊಡ್ಡದು, ಸುಮಾರು 3 ಕಿಲೋಮೀಟರ್ ಉದ್ದ, ಇಪ್ಪತ್ತಕ್ಕೂ ಹೆಚ್ಚು ಗವಾಕ್ಷಿಗಳು.

ನೌಬಾದ್ ಎಂಬ ಹೆಸರಿನ ಮೇಲೆ ನನಗೆ ವಿಶೇಷ ಮೋಹ. ‘ನೌ’ ಎಂದರೆ ಹೊಸದು, ‘ಆಬಾದ್’ ಎಂದರೆ ಜನವಸತಿ. ಅಂದರೆ, ಇಂದಿನ ಭಾಷೆಯಲ್ಲಿ, ಹೊಸ ಬಡಾವಣೆ! ಕೋಟೆಯ ಹೊರಗೆ ಜನರನ್ನು ನೆಲೆಗೊಳಿಸುವ ಉದ್ದೇಶದಿಂದಲೇ ಅಲ್ಲಿಗೆ ನೀರು ತರಲಾಗಿರಬೇಕು ಎಂಬುದು ಅದನ್ನು ಅಭ್ಯಾಸ ಮಾಡಿದವರ ಅಭಿಪ್ರಾಯ. ನನಗೂ ಅದು ಸರಿಯೆನಿಸುತ್ತದೆ. ಮೊದಲು ನೀರು, ಆಮೇಲೆ ಮನೆ. ನಮ್ಮ ಕಾಲದಲ್ಲಿ ಮೊದಲು ಜಮೀನಿಗೆ ಕಲ್ಲು ನೆಡುತ್ತಾರೆ, ಆಮೇಲೆ ನಿವೇಶನ ಮಾರುತ್ತಾರೆ, ಆಮೇಲೆ ಮನೆ ಏಳುತ್ತದೆ, ಆಮೇಲೆ ರಸ್ತೆ, ಕೊನೆಗೆ ಎಲ್ಲರೂ ಸೇರಿ ನೀರಿಗಾಗಿ ಮನವಿ ಪತ್ರ ಬರೆಯುತ್ತಾರೆ. ಅಂತಹ ಪತ್ರಗಳನ್ನು ಎಷ್ಟೋ ಸಲ ನಾನೇ ಬರೆದುಕೊಟ್ಟಿದ್ದೇನೆ. ನಿವೃತ್ತ ಮಾಸ್ತರನ ಕೈಬರಹಕ್ಕೆ ಇರುವ ಮುಖ್ಯ ಉಪಯೋಗ ಅದೊಂದೇ ಇರಬೇಕು.

ನೀರು ಎಂದರೆ ಏನೆಂಬುದನ್ನು ನಾನು ಕಲಿತದ್ದು ಔರಾದ ತಾಲ್ಲೂಕಿನಲ್ಲಿ. 1974ರಲ್ಲಿ ಅಲ್ಲಿಯ ಒಂದು ಹಳ್ಳಿಯ ಶಾಲೆಗೆ ಸೇರಿದೆ. 1972ರ ಭೀಕರ ಬರ ಕಳೆದು ಎರಡೇ ವರ್ಷವಾಗಿತ್ತು. ಮುದುಕರು ಇನ್ನೂ ಆ ಮಾತನ್ನೇ ಆಡುತ್ತಿದ್ದರು. ಔರಾದದ ನೆಲ ಕಪ್ಪು ಎರೆ. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು. ಮಾಂಜ್ರಾ ನದಿ ಹರಿಯುವ ಸೀಮೆಯಾದರೂ ನದಿ ಇರುವುದು ತಗ್ಗಿನಲ್ಲಿ, ಹಳ್ಳಿಗಳು ಇರುವುದು ದಿಬ್ಬದ ಮೇಲೆ. ನಮ್ಮ ತರಗತಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಮನೆಮಾತಿನ ಮಕ್ಕಳಿದ್ದರು. ನೀರು, ಪಾಣಿ, ಪಾನಿ, ನೀಳ್ಳು. ಯಾವ ಮಾತಿನಲ್ಲಿ ಕೇಳಿದರೂ ಅದು ಇರುತ್ತಿದ್ದುದು ಒಂದೇ ಬಾವಿಯಲ್ಲಿ.

ಬೆಳಿಗ್ಗೆ ಹಾಜರಿ ಕರೆಯುವಾಗ ಐದಾರು ಮಕ್ಕಳು ಪ್ರತಿದಿನವೂ ತಡವಾಗಿ ಬರುತ್ತಿದ್ದರು. ಅವರೆಲ್ಲ ಊರಿನ ಒಂದೇ ಕೇರಿಯವರು ಎಂಬುದು ಮೊದಲ ವಾರದಲ್ಲೇ ನನ್ನ ಗಮನಕ್ಕೆ ಬಂದಿತು. ಒಂದು ದಿನ ಬಾವಿಯ ಕಡೆ ಹೋಗಿ ನೋಡಿದೆ. ಅವರ ತಾಯಂದಿರು ಕೊಡ ಹಿಡಿದು ಬಾವಿಯಿಂದ ದೂರ ನಿಂತಿದ್ದರು. ಉಳಿದವರ ಸರದಿ ಮುಗಿದ ಮೇಲೆ ಯಾರಾದರೂ ಸೇದಿ ಹೊಯ್ಯಬೇಕು, ಇಲ್ಲದಿದ್ದರೆ ಕಾಯುತ್ತಲೇ ಇರಬೇಕು. ತಾಯಿ ನೀರಿಗೆ ನಿಂತಾಗ ಮನೆಯಲ್ಲಿಯ ಚಿಕ್ಕ ಕೂಸನ್ನು ನೋಡಿಕೊಳ್ಳಲು ಶಾಲೆಯ ಮಗುವೇ ಬೇಕಲ್ಲವೇ? ಅದಕ್ಕೇ ತಡ. ಅಂದಿನಿಂದ ನಾನು ಆ ಮಕ್ಕಳ ಹಾಜರಿಯನ್ನು ಕೊನೆಗೆ ಕರೆಯತೊಡಗಿದೆ. ಮುಂದೆ ಆ ಕೇರಿಗೆ ಕೈಪಂಪು ಬಂದಿತು; ಬಂದ ತಿಂಗಳಲ್ಲೇ ಆ ಮಕ್ಕಳು ಪ್ರಾರ್ಥನೆಯ ಹೊತ್ತಿಗೇ ಸಾಲಿನಲ್ಲಿ ನಿಲ್ಲತೊಡಗಿದರು. ಈಗ ಕೊಳವೆಬಾವಿಗಳನ್ನು ಎಲ್ಲರೂ ಬೈಯುತ್ತಾರೆ, ನಾನೂ ಬೈಯುತ್ತೇನೆ. ಆದರೆ ಹಳೆಯ ಬಾವಿಗಳ ಕಾಲವೇ ಚೆನ್ನಾಗಿತ್ತು ಎಂದು ಯಾರಾದರೂ ಬರೆದರೆ ನನಗೆ ಆ ದೂರ ನಿಂತ ತಾಯಂದಿರ ನೆನಪಾಗುತ್ತದೆ, ತಲೆಯಾಡಿಸಲು ಮನಸ್ಸು ಬರುವುದಿಲ್ಲ.

ಔರಾದದಿಂದ ಭಾಲ್ಕಿಗೆ ವರ್ಗವಾಯಿತು. ಭಾಲ್ಕಿ ಎಂದೊಡನೆ ಚನ್ನಬಸವ ಪಟ್ಟದ್ದೇವರನ್ನು ನೆನೆಯದೆ ಮುಂದೆ ಹೋಗುವುದು ಕನ್ನಡ ಮಾಸ್ತರರಿಗೆ ಶೋಭೆಯಲ್ಲ. 1890ರಲ್ಲಿ ಕಮಲನಗರದಲ್ಲಿ ಹುಟ್ಟಿ 1999ರವರೆಗೆ ಬಾಳಿದ ಆ ಹಿರಿಯರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆಯನ್ನು ನೀವೆಲ್ಲ ನನ್ನಿಂದ ಅದೆಷ್ಟು ಸಲ ಕೇಳಿದ್ದೀರೋ! 1956ರಲ್ಲಿ ರಾಜ್ಯಗಳು ಭಾಷೆಯ ಮೇಲೆ ಹಂಚಿಕೆಯಾದಾಗ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಹೋದವು; ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರದ ಪಾಲಿಗೆ; ಬೀದರ್, ಭಾಲ್ಕಿ, ಔರಾದ, ಹುಮನಾಬಾದ ಮೈಸೂರಿಗೆ ಸೇರಿದವು. ಭಾಷೆಗೆ ಗೆರೆ ಎಳೆದರು; ಮಾಂಜ್ರಾ ಮಾತ್ರ ಮೊದಲಿನಂತೆ ಮೂರೂ ಕಡೆ ಹರಿಯುತ್ತ ಗೋದಾವರಿಗೆ ಹೋಗುತ್ತದೆ. ಕನ್ನಡಿಗರು ಕೃಷ್ಣೆ, ಕಾವೇರಿ ಎಂದು ಹಾಡುವಾಗ ನಮ್ಮ ಜಿಲ್ಲೆಯ ಬಹುಪಾಲು ನೀರು ಗೋದಾವರಿಯ ಮಡಿಲಿಗೆ ಸೇರುತ್ತದೆ ಎಂಬುದು ಬೆಂಗಳೂರಿನವರಿಗೆ ನೆನಪಿರುವುದಿಲ್ಲ.

ಮಾಂಜ್ರೆಯ ಉಪನದಿ ಕಾರಂಜಾ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಆ ನದಿಗೆ ಅಣೆಕಟ್ಟು ಕಟ್ಟಿದರು. ಜಲಾಶಯದ ಸಾಮರ್ಥ್ಯ 7.69 ಟಿಎಂಸಿ. ನಮ್ಮ ಜಿಲ್ಲೆಯ ಅಳತೆಗೆ ಅದೊಂದು ಸಮುದ್ರವೇ ಸರಿ. ನಾನು ಭಾಲ್ಕಿಯಲ್ಲಿದ್ದ ವರ್ಷಗಳಲ್ಲಿ ಹಿನ್ನೀರಿನ ಹಳ್ಳಿಗಳಿಂದ ಎದ್ದುಬಂದ ಕುಟುಂಬಗಳ ಮಕ್ಕಳು ನಮ್ಮ ಶಾಲೆಗೆ ಬರುತ್ತಿದ್ದರು. ಪ್ರವೇಶದ ವಹಿಯಲ್ಲಿ ‘ಹುಟ್ಟಿದ ಸ್ಥಳ’ ಎಂಬ ಕಾಲಮು ಇರುತ್ತದೆ. ಅಲ್ಲಿ ನಾನು ನೀರಿನಡಿಯ ಊರುಗಳ ಹೆಸರನ್ನು ಬರೆದಿದ್ದೇನೆ. ಒಬ್ಬ ತಂದೆ ಹೊಸ ಜಾಗದ ಹೆಸರನ್ನೇ ಬರೆಯಿರಿ ಎಂದ. ಇನ್ನೊಬ್ಬ ಹಳೆಯ ಊರಿನ ಹೆಸರನ್ನು ಎರಡು ಸಲ ಅಕ್ಷರ ಬಿಡಿಸಿ ಹೇಳಿ ನಾನು ಬರೆದದ್ದನ್ನು ಬೆರಳಿಟ್ಟು ನೋಡಿದ. ಅವನಿಗೆ ಓದಲು ಬರುತ್ತಿರಲಿಲ್ಲ.

ನೇರ ಬೀದಿಗಳ, ನೆರಳಿಲ್ಲದ ಆ ಹೊಸ ಊರುಗಳೇ ನಾನು ಕಂಡ ಮೊದಲ ‘ಕೆರೆದಂಡೆಯ ಬಡಾವಣೆ’ಗಳು. ಕಣ್ಣಳತೆಯಲ್ಲಿ ನೀರು, ಆ ನೀರಿನ ಕೆಳಗೆ ತಮ್ಮದೇ ಹೊಲ. ಕೊಟ್ಟ ಪರಿಹಾರ ಸಾಲದೆಂದು ಮುಳುಗಡೆಯ ರೈತರು ದಶಕಗಳಿಂದ ಹೋರಾಡುತ್ತ ಬಂದಿದ್ದಾರೆ. 2020ರ ನಂತರವೂ ಬೀದರಿನಲ್ಲಿ ಧರಣಿ ಕುಳಿತದ್ದನ್ನು ನಾನು ನೋಡಿದ್ದೇನೆ. ಅವರ ಹೊಲದ ಮೇಲೆ ನಿಂತ ನೀರು ಕೊಳವೆಯಲ್ಲಿ ಬೀದರಿಗೆ ಬರುತ್ತದೆ. ಅದರಲ್ಲಿ ನನ್ನ ಮನೆಯ ನಲ್ಲಿಯ ಪಾಲೂ ಇದೆ.

ನಮ್ಮ ಬಡಾವಣೆಗೆ ಬರೋಣ. 1996ರಲ್ಲಿ ಬ್ಯಾಂಕಿನ ಸಾಲ ಮಾಡಿ, ಪಾಪನಾಶದ ಮೇಲಿನ ದಿಬ್ಬದಲ್ಲಿ ಮೂವತ್ತು-ನಲವತ್ತರ ನಿವೇಶನ ಕೊಂಡೆ. ಆಗ ಅಲ್ಲಿ ಇದ್ದುದು ಕೆಂಪು ಮುರಂ, ಜಾಲಿ, ಬೇವು. ಸಂಜೆಯಾದರೆ ನವಿಲಿನ ಕೂಗು. ಮನೆ ಕಟ್ಟಿದಾಗ ನಾವು ಏಳನೆಯ ಮನೆಯವರು. ಅಡಿಪಾಯ ತೋಡಿದಾಗ ಗುದ್ದಲಿಗೆ ಸಿಕ್ಕ ಕೆಂಪು ಕಲ್ಲಿನಿಂದಲೇ ಕಾಂಪೌಂಡು ಗೋಡೆಯಾಯಿತು. ಅಂದಿನ ನೆರೆಹೊರೆಯವರು ಮಾಸ್ತರರು, ಬ್ಯಾಂಕಿನ ಗುಮಾಸ್ತರು, ವಾಯುಪಡೆಯಿಂದ ನಿವೃತ್ತರಾದ ಒಬ್ಬರು. ಆಮೇಲೆ ಬೀದರ್ ವೇಗವಾಗಿ ಬೆಳೆಯಿತು. 2004ರಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಬಂದಿತು, ಹಿಂದೆಯೇ ವೈದ್ಯಕೀಯ ಕಾಲೇಜು. 2011ರ ಜನಗಣತಿಯ ಹೊತ್ತಿಗೆ ನಗರದ ಜನಸಂಖ್ಯೆ 2 ಲಕ್ಷ ದಾಟಿತ್ತು. ಅದೇ ಗಣತಿಯಲ್ಲಿ ಭಾಲ್ಕಿ ಸುಮಾರು 40 ಸಾವಿರ, ಔರಾದ ಸುಮಾರು 20 ಸಾವಿರ. ಮಕ್ಕಳ ಓದಿಗಾಗಿ ಆ ಎರಡೂ ತಾಲ್ಲೂಕುಗಳಿಂದ ಜನ ಬೀದರಿಗೆ ಬಂದು ಮನೆ ಮಾಡುತ್ತಾರೆ. ತಂದೆ ಊರಿನಲ್ಲಿ ಹೊಲ ನೋಡಿಕೊಂಡು ಇರುತ್ತಾನೆ, ತಾಯಿ ಮಕ್ಕಳೊಂದಿಗೆ ಇಲ್ಲಿ. ನನ್ನ ಎಷ್ಟೋ ಹಳೆಯ ವಿದ್ಯಾರ್ಥಿಗಳು ಹೀಗೆ ನನ್ನ ನೆರೆಯವರಾದರು. ಬೆತ್ತದ ಏಟು ತಿಂದವನೇ ಈಗ ಬೆಳಿಗ್ಗೆ ನನ್ನ ಗೇಟಿನಲ್ಲಿ ಹಾಲಿನ ಪಾಕೀಟು ಎತ್ತಿಕೊಡುತ್ತಾನೆ.

ದಿನಚರಿ ಎಲ್ಲ ಊರಿನಂತೆಯೇ. ನಸುಕಿನಲ್ಲಿ ಮಸೀದಿಯ ಆಜಾನು, ಅದರ ಬೆನ್ನಿಗೆ ಗುಡಿಯ ಗಂಟೆ, ಆಮೇಲೆ ತರಬೇತಿ ವಿಮಾನಗಳ ಸದ್ದು. ಬೀದರಿನ ಮಕ್ಕಳು ಆ ಸದ್ದಿಗೆ ತಲೆಯೆತ್ತುವುದಿಲ್ಲ. ಅತಿಥಿಗಳು ಮಾತ್ರ ಬೆಚ್ಚುತ್ತಾರೆ. ಬೆಳಿಗ್ಗೆ ನಾವು ನಾಲ್ಕೈದು ಮಂದಿ ನಿವೃತ್ತರು ಕೆರೆಯ ಕಡೆ ಇಳಿಯುತ್ತೇವೆ. ಬೆಳ್ಳಕ್ಕಿ, ನೀರುಕಾಗೆ, ಒಮ್ಮೊಮ್ಮೆ ಮಿಂಚುಳ್ಳಿ. ಶ್ರಾವಣದ ಸೋಮವಾರಗಳಲ್ಲಿ ಮತ್ತು ಶಿವರಾತ್ರಿಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಇಳಿಯುವುದು ಸುಲಭ, ಹತ್ತುವಾಗ ಮೊಣಕಾಲು ಮಾತಾಡುತ್ತದೆ. ನಡುವೆ ಕುಳಿತು ರಾಜಕಾರಣ ಚರ್ಚಿಸಲು ಒಂದು ಕಟ್ಟೆ ಇದೆ. ಅದಿಲ್ಲದಿದ್ದರೆ ನಮ್ಮ ವಾಯುವಿಹಾರ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತಿತ್ತು.

ಎಳ್ಳಮಾವಾಸ್ಯೆಯ ದಿನ ಮಾತ್ರ ನಮ್ಮ ಬಡಾವಣೆ ಬಿಕೋ ಎನ್ನುತ್ತದೆ. ಭಜ್ಜಿ, ಅಂಬಲಿ, ಸಜ್ಜೆಯ ರೊಟ್ಟಿ ಕಟ್ಟಿಕೊಂಡು ಎಲ್ಲರೂ ತಂತಮ್ಮ ಹೊಲಗಳಿಗೆ ಹೊರಟುಹೋಗುತ್ತಾರೆ. ಒಬ್ಬ ಭಾಲ್ಕಿಯ ಕಡೆಗೆ, ಇನ್ನೊಬ್ಬ ಔರಾದದ ಕಡೆಗೆ, ಮತ್ತೊಬ್ಬ ಗಡಿ ದಾಟಿ ಉದಗೀರದ ಕಡೆಗೆ. ಮನೆಗಳಿಗೆ ಬೀಗ. ಆ ದಿನ ಓಣಿಯಲ್ಲಿ ನಿಂತಾಗ ನನಗೆ ಅನ್ನಿಸುವುದಿದೆ: ಇಲ್ಲಿ ಇಪ್ಪತ್ತು ವರ್ಷ ಬಾಳಿದವರಿಗೂ ‘ಊರು’ ಎಂದರೆ ಬೇರೆಯೇ. ಇದು ಕೇವಲ ಮನೆ. ಊರಿನ ಬಾವಿಗೆ ಹೂಳು ತುಂಬಿದರೆ ಚಂದಾ ಎತ್ತಿ ತೆಗೆಸುವ ಮನುಷ್ಯ ಇಲ್ಲಿಯ ಕೆರೆಯ ವಿಷಯಕ್ಕೆ ‘ಅದು ಸರಕಾರದ್ದು’ ಎನ್ನುತ್ತಾನೆ. ಅವನು ಕೆಟ್ಟವನೇನಲ್ಲ, ಅವನ ಪ್ರೀತಿಯೆಲ್ಲ ಮೂವತ್ತು ಮೈಲಿ ಆಚೆಗಿದೆ, ಅಷ್ಟೇ.

ಈ ನಡುವೆ 2016 ಬಂದಿತು. ಸತತ ಮಳೆಯ ಕೊರತೆಯಿಂದ ಮಾಂಜ್ರಾ ಬತ್ತಿತು. ನೆರೆಯ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ನೀರು ಬಂದದ್ದನ್ನು ದೇಶವೆಲ್ಲ ದೂರದರ್ಶನದಲ್ಲಿ ನೋಡಿತು. ನಮ್ಮ ಓಣಿಯಲ್ಲಿ ಒಂದರ ಹಿಂದೊಂದು ಕೊಳವೆಬಾವಿಗಳು ಬರಿದಾದವು. ರಾತ್ರಿಯಿಡೀ ಬೋರು ಕೊರೆಯುವ ಲಾರಿಯ ಗರ್ಜನೆ, ಬೆಳಗಾದರೆ ಗಿಡಗಳ ಮೇಲೆಲ್ಲ ಬೂದಿಯಂತಹ ಕಲ್ಲಿನ ಪುಡಿ. ಆ ಪುಡಿ ಕೆಂಪಾಗಿರಲಿಲ್ಲ, ಕಪ್ಪಾಗಿತ್ತು. ಅಂದರೆ ನಾವು ಮೇಲಿನ ಗಂಟನ್ನು ದಾಟಿ ಕೆಳಗಿನ ಮಣೆಯನ್ನೇ ಕೊರೆಯಲು ತೊಡಗಿದ್ದೆವು. ಆ ವರ್ಷ ಜಿಲ್ಲೆಯಲ್ಲಿ ಅನೇಕ ಹಳೆಯ ಬಾವಿ, ಕೆರೆಗಳ ಹೂಳನ್ನು ತೆಗೆಸಿದ್ದು ಜಿಲ್ಲಾಡಳಿತದ ಒಳ್ಳೆಯ ಕೆಲಸ. ಅದಕ್ಕೂ ಮೊದಲು, 2014ರಲ್ಲಿ ವಿಶ್ವ ಸ್ಮಾರಕ ನಿಧಿಯು ಬೀದರಿನ ಐತಿಹಾಸಿಕ ನಗರವನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ, ನೌಬಾದಿನ ಕರೇಜಿನ ಹೂಳೆತ್ತುವ ಕೆಲಸವೂ ನಡೆದಿತ್ತು. ನಾನು ಹೋಗಿ ನೋಡಿದೆ. ಸುರಂಗದೊಳಗೆ ತಣ್ಣಗಿನ ನೀರು ಸದ್ದಿಲ್ಲದೆ ಸರಿಯುತ್ತಿತ್ತು. ಮೇಲೆ ಬಂದು ನೋಡಿದರೆ ಸುತ್ತಲೂ ಹೊಸ ನಿವೇಶನಗಳು. ಕಸ ತುಂಬಿದ, ರಸ್ತೆಗಾಗಿ ಮುಚ್ಚಿಹೋದ ಗವಾಕ್ಷಿಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿಯೇ ಇದ್ದೆ.

ಈಗ ಮೊದಲು ಹೇಳಿದ ಮೊಸರಿನ ಗಂಟನ್ನು ನೆನಪಿಸಿಕೊಳ್ಳಿರಿ. ಪಾಪನಾಶದ ಊಟೆಗೆ ನೀರು ಬರುವುದು ಕೆರೆಯ ದಂಡೆಯಿಂದಲ್ಲ, ಮೇಲಿನ ದಿಬ್ಬದಿಂದ. ಆ ದಿಬ್ಬದ ಮೇಲೆ ಕುಳಿತಿರುವುದೇ ನಾವು. ಒಂದು ಮೂವತ್ತು-ನಲವತ್ತರ ನಿವೇಶನದ ಮೇಲೆ ವರ್ಷಕ್ಕೆ 800 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 89 ಸಾವಿರ ಲೀಟರ್ ನೀರು. ಬೀದರಿನಲ್ಲಿ ಸರಾಸರಿ ಮಳೆ ಅದಕ್ಕೂ ಹೆಚ್ಚು. ಮುರಂ ಬಯಲಾಗಿದ್ದಾಗ ಅದರಲ್ಲೊಂದು ಪಾಲು ಒಳಗೆ ಇಳಿಯುತ್ತಿತ್ತು. ಈಗ ತಾರಸಿ, ಅಂಗಳಕ್ಕೆ ಟೈಲ್ಸು, ಓಣಿಗೆ ಸಿಮೆಂಟು. ಮಳೆ ಬಿದ್ದ ಅರ್ಧ ಗಂಟೆಯಲ್ಲಿ ನೀರು ಚರಂಡಿ ಹಿಡಿದು, ಬಚ್ಚಲಿನ ಕೊಳೆಯನ್ನೂ ಜೊತೆಗೆ ಕರೆದುಕೊಂಡು ಇಳಿಜಾರಿನಲ್ಲಿ ಓಡುತ್ತದೆ. ಮೊದಲು ಆರು ತಿಂಗಳು ಸೋಸಿಕೊಂಡು ಕೆಳಗೆ ತಲುಪುತ್ತಿದ್ದ ನೀರು ಈಗ ಅರ್ಧ ಗಂಟೆಯಲ್ಲಿ ಕೊಳೆಯಾಗಿ ತಲುಪುತ್ತದೆ. ದಂಡೆಗೆ ಕಟಾಂಜನ, ದೀಪ, ನಡೆಯುವ ದಾರಿ ಹಾಕಿದರೆ ಚೆಂದವೇ. ನನ್ನಂತಹ ಮುದುಕರಿಗೆ ಅನುಕೂಲವೂ ಹೌದು. ಆದರೆ ಗಿಡದ ಎಲೆಗೆ ಬಣ್ಣ ಬಳಿದರೆ ಬೇರಿಗೆ ನೀರುಣಿಸಿದಂತೆ ಆಗುವುದಿಲ್ಲ. ಈ ಕೆರೆಯ ಬೇರು ನಮ್ಮ ಅಂಗಳಗಳಲ್ಲಿದೆ.

ಇಷ್ಟೆಲ್ಲ ಬರೆಯಲು ಒಂದು ತತ್‌ಕ್ಷಣದ ಕಾರಣವಿದೆ. ನಮ್ಮ ಬಡಾವಣೆಯ ಸಾರ್ವಜನಿಕ ನಿವೇಶನದಲ್ಲಿ ಒಂದು ಹಳೆಯ ಬಾವಿ ಇದೆ. ಕೆಂಪು ಕಲ್ಲಿನಲ್ಲೇ ಕಡಿದದ್ದು, ಒಂದು ಬದಿಗೆ ಮೆಟ್ಟಿಲುಗಳು. ಬಡಾವಣೆಯಾಗುವ ಮೊದಲು ಅದು ಒಂದು ಹೊಲದ ಬಾವಿ. 2016ರಲ್ಲಿ ಎಲ್ಲ ಬೋರುಗಳೂ ಕೈಕೊಟ್ಟಾಗ ಅದರಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಕೆಲವರು ಅದನ್ನು ಮುಚ್ಚಿ, ಮೇಲೆ ಸಿಮೆಂಟು ಹಾಕಿ, ಸಮುದಾಯ ಭವನದ ಮುಂದೆ ವಾಹನ ನಿಲ್ಲಿಸಲು ಜಾಗ ಮಾಡಬೇಕೆಂದು ಸಲಹೆ ಮಾಡಿದ್ದಾರೆ. ಮಕ್ಕಳು ಬಿದ್ದಾರು ಎಂಬ ಅವರ ಭಯ ಸುಳ್ಳಲ್ಲ; ನನಗೂ ಮೊಮ್ಮಕ್ಕಳಿದ್ದಾರೆ. ಸೊಳ್ಳೆಯ ಕಾಟವೂ ನಿಜ. ಆದರೆ ಇಡೀ ಬಡಾವಣೆಯಲ್ಲಿ ಮಳೆಯ ನೀರು ನೆಲದೊಳಗೆ ಇಳಿಯಬಹುದಾದ ಅತಿ ದೊಡ್ಡ ಬಾಯಿ ಅದೊಂದೇ.

ಕಳೆದ ಸಭೆಯಲ್ಲಿ ನಾನು ಇದನ್ನೆಲ್ಲ ಹೇಳಿದೆ, ಬಹಮನಿಗಳಿಂದ ಆರಂಭಿಸಿ. ಅರ್ಧದಲ್ಲೇ ಇಬ್ಬರು ಮೊಬೈಲ್ ತೆಗೆದದ್ದನ್ನು ನೋಡಿದೆ. ತರಗತಿಯಲ್ಲಾಗಿದ್ದರೆ ಸೀಮೆಸುಣ್ಣ ಎಸೆಯಬಹುದಿತ್ತು. ಆಗ ಹಿಂದಿನ ಕುರ್ಚಿಯಿಂದ ಒಬ್ಬ ಹಿರಿಯ ಹೆಣ್ಣುಮಗಳು ಎದ್ದು ನಿಂತರು. ಕಾರಂಜಾ ಹಿನ್ನೀರಿನ ಕಡೆಯವರು, ಮಗನ ಮನೆಯಲ್ಲಿ ಬಂದು ಇದ್ದಾರೆ. ಸಭೆಗಳಲ್ಲಿ ಎಂದೂ ಮಾತಾಡಿದವರಲ್ಲ. “ಸರ, ನಮ್ಮೂರ ಬಾವಿ ನೀರಾಗೇ ಮುಳುಗಿ ಹೋಯ್ತ್ರಿ. ಇದನ್ನ ಯಾಕ ಮಣ್ಣಾಗ ಮುಳುಗಸ್ತೀರಿ? ಮ್ಯಾಲ ಜಾಳಿಗಿ ಹಾಕ್ರಿ, ಇರ್ಲಿ,” ಎಂದು ಹೇಳಿ ಕುಳಿತುಬಿಟ್ಟರು. ಮೊಬೈಲ್ ಹಿಡಿದವರು ಅದನ್ನು ಕಿಸೆಯೊಳಗೆ ಇಟ್ಟರು.

ತೀರ್ಮಾನ ಇನ್ನೂ ಆಗಿಲ್ಲ. ಮುಂದಿನ ಸಭೆ ದಸರೆಯ ನಂತರ. ಅಷ್ಟರೊಳಗೆ ಕಬ್ಬಿಣದ ಜಾಳಿಗೆಗೆ ಎಷ್ಟು ಖರ್ಚಾಗುತ್ತದೆ ಎಂದು ವಿಚಾರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಕ್ಕಪಕ್ಕದ ಹನ್ನೊಂದು ಮನೆಗಳವರು ತಮ್ಮ ತಾರಸಿಯ ನೀರನ್ನು ಕೊಳವೆ ಹಾಕಿ ಆ ಬಾವಿಗೆ ಬಿಡಲು ಒಪ್ಪಿದ್ದಾರೆ. ಮೊದಲು ಒಂದು ಮರಳಿನ ತೊಟ್ಟಿ ಮಾಡಿ ಸೋಸಬೇಕು. ನಿಮ್ಮಲ್ಲಿ ಸಿವಿಲ್ ಎಂಜಿನಿಯರುಗಳಾದವರು ಹಲವರಿದ್ದೀರಿ. ತೊಟ್ಟಿಯ ಅಳತೆ ಎಷ್ಟಿರಬೇಕು, ಜಲ್ಲಿ ಮತ್ತು ಮರಳಿನ ಪದರಗಳನ್ನು ಯಾವ ಕ್ರಮದಲ್ಲಿ ಹಾಕಬೇಕು ಎಂಬುದನ್ನು ಒಂದು ಚಿತ್ರ ಬರೆದು ಕಳುಹಿಸಿರಿ. ಬಾವಿಯ ಬಾಯಿಯ ಅಡ್ಡಳತೆಯನ್ನು ನಿನ್ನೆ ಹಗ್ಗ ಹಿಡಿದು ಅಳೆದು ಬಂದಿದ್ದೇನೆ: 18 ಅಡಿ.